ಮರೆಯಾಗುವ ತಾರೆ, ಮಿಡಿಯುವ ತಾರೆ: ಒಂದೇ ಬೆಳಕಿನಲ್ಲಿ ಎರಡು ಗಡಿಯಾರಗಳು

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಇಂಡಿಯವಳು. ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಭೌತಶಾಸ್ತ್ರ ಓದುತ್ತಿದ್ದೇನೆ. ಒಂದನ್ನೊಂದು ಮರೆಮಾಡುವ ಜೋಡಿ ನಕ್ಷತ್ರಗಳಲ್ಲಿ ಕೆಲವು ತಾವೇ ಮಿಡಿಯುತ್ತವೆ, ಅವುಗಳ ಕಕ್ಷೆಯ ಅವಧಿಯೂ ಬದಲಾಗುತ್ತದೆ ಎಂದು ಓದಿದೆ. ಬೆಳಕು ಕುಗ್ಗಿದಾಗ ಅದು ಗ್ರಹಣದಿಂದಲೋ ಮಿಡಿತದಿಂದಲೋ ಎಂದು ಹೇಗೆ ಬೇರ್ಪಡಿಸುತ್ತಾರೆ? ಕಕ್ಷೆ ಏಕೆ ಬದಲಾಗಬೇಕು? ಉಪಗ್ರಹಗಳು ಇಷ್ಟೆಲ್ಲ ನೋಡುತ್ತಿರುವಾಗ ನಮ್ಮೂರಿನಲ್ಲಿದ್ದು ನಾನು ಮಾಡಬಹುದಾದದ್ದು ಏನಾದರೂ ಉಳಿದಿದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಉಳಿದಿದೆ, ಬೇಕಾದಷ್ಟು ಉಳಿದಿದೆ. ಏಕೆ ಎಂಬುದು ಮೊದಲ ಎರಡು ಪ್ರಶ್ನೆಗಳನ್ನು ಬಿಡಿಸಿದರೆ ತಾನಾಗಿ ತಿಳಿಯುತ್ತದೆ. ಆದ್ದರಿಂದ ಸ್ವಲ್ಪ ಸಾವಧಾನದಿಂದ ಓದಿ, ಪೆನ್ನು ಹಾಳೆ ಹತ್ತಿರವಿರಲಿ. ಒಂದೆರಡು ಕಡೆ ಲೆಕ್ಕ ಮಾಡಬೇಕಾಗುತ್ತದೆ.

ಗ್ರಹಣದಿಂದ ಆರಂಭಿಸೋಣ. ಪಾರ್ಥ (ಪರ್ಸಿಯಸ್) ಪುಂಜದ ಆಲ್ಗಾಲ್ ನಕ್ಷತ್ರವನ್ನು ನೀವು ಇಂಡಿಯ ಮನೆಯ ಮಾಳಿಗೆಯಿಂದ ಬರಿಗಣ್ಣಿನಲ್ಲೇ ನೋಡಬಹುದು. ಅದರ ಕಾಂತಿಮಾನ ಸಾಮಾನ್ಯವಾಗಿ 2.1 (ಈ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಸುಕು). ಪ್ರತಿ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಅದು 3.4ಕ್ಕೆ ಇಳಿಯುತ್ತದೆ, ಅಂದರೆ ಬೆಳಕು ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ಇಳಿದು ಏರುವುದಕ್ಕೆ ಸುಮಾರು 10 ಗಂಟೆ. ಈ ಕ್ರಮಬದ್ಧತೆಯನ್ನು ಮೊದಲು ಪಟ್ಟುಹಿಡಿದು ಅಳೆದವನು ಇಂಗ್ಲೆಂಡಿನ ಯಾರ್ಕ್ ನಗರದ ಜಾನ್ ಗುಡ್‌ರಿಕ್. 1782ರ ನವೆಂಬರಿನಲ್ಲಿ ಅವನು ಇದನ್ನು ಗಮನಿಸಿದಾಗ ಅವನಿಗೆ 18 ವರ್ಷ. ಕಿವಿ ಕೇಳುತ್ತಿರಲಿಲ್ಲ. ಮಸುಕಾದ ಒಂದು ಕಾಯ ಸುತ್ತುತ್ತಾ ಅಡ್ಡ ಬರುತ್ತಿರಬಹುದು ಎಂದು ಅವನು ಸೂಚಿಸಿದ. ಮರುವರ್ಷ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕ ಕೊಟ್ಟಿತು. 21ನೇ ವಯಸ್ಸಿಗೆ ತೀರಿಕೊಂಡ. ಅವನ ಊಹೆ ನಿಜವೆಂದು ಜರ್ಮನಿಯ ಹೆರ್ಮನ್ ಫೋಗೆಲ್ ರೋಹಿತದ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿಯ) ಮೂಲಕ ತೋರಿಸಿದ್ದು 1889ರಲ್ಲಿ, ನೂರಕ್ಕೂ ಹೆಚ್ಚು ವರ್ಷಗಳ ನಂತರ. ನಿಮ್ಮ ವಯಸ್ಸಿನವರಿಗೆ ಈ ಹೆಸರನ್ನು ಹೇಳುವಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಇಂಥ ಜೋಡಿಯಲ್ಲಿ ಗ್ರಹಣ ಎಷ್ಟು ಹೊತ್ತು ನಡೆಯುತ್ತದೆ, ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದರಿಂದ ಎರಡೂ ನಕ್ಷತ್ರಗಳ ಸಾಪೇಕ್ಷ ಗಾತ್ರ ತಿಳಿಯುತ್ತದೆ. ರೋಹಿತದ ರೇಖೆಗಳು ಕೆಂಪಿನತ್ತ ನೀಲಿಯತ್ತ ಓಲಾಡುವುದರಿಂದ ವೇಗ ತಿಳಿಯುತ್ತದೆ. ಇವೆರಡನ್ನೂ ಸೇರಿಸಿದರೆ ದ್ರವ್ಯರಾಶಿಯೂ ತ್ರಿಜ್ಯವೂ ಕಿಲೋಗ್ರಾಂ, ಕಿಲೋಮೀಟರಿನಲ್ಲೇ ಕೈಗೆ ಸಿಗುತ್ತವೆ. ಒಂಟಿ ನಕ್ಷತ್ರದಲ್ಲಿ ಇಷ್ಟು ನೇರವಾಗಿ ಇದು ಸಾಧ್ಯವಿಲ್ಲ. ಆದರೆ ಗ್ರಹಣ ಹೇಳುವುದು ಹೊರಗಿನ ಅಳತೆಯನ್ನು ಮಾತ್ರ. ಒಳಗೇನಿದೆ ಎಂದು ತಿಳಿಯಬೇಕಾದರೆ ನಕ್ಷತ್ರವೇ ಅಲುಗಾಡಬೇಕು. ಮಿಡಿತದ ಬೆಲೆ ಇರುವುದು ಇಲ್ಲಿ.

ಈ ಜೋಡಿಗಳಲ್ಲಿ ಹೆಚ್ಚಾಗಿ ಸಿಗುವುದು ಡೆಲ್ಟಾ ಸ್ಕ್ಯೂಟಿ ಜಾತಿಯ ಮಿಡಿತ. ಸೂರ್ಯನ ಒಂದೂವರೆಯಿಂದ ಎರಡೂವರೆ ಪಟ್ಟು ದ್ರವ್ಯರಾಶಿಯ, ಎ ಮತ್ತು ಎಫ್ ವರ್ಗದ ಬಿಳಿ ನಕ್ಷತ್ರಗಳಿವು. ಮೇಲ್ಮೈಯ ಕೆಳಗೆ ಉಷ್ಣತೆ ನಲವತ್ತು ಐವತ್ತು ಸಾವಿರ ಡಿಗ್ರಿ ಇರುವ ಪದರದಲ್ಲಿ ಹೀಲಿಯಂ ತನ್ನ ಎರಡನೆಯ ಎಲೆಕ್ಟ್ರಾನನ್ನೂ ಕಳೆದುಕೊಳ್ಳುವ ಹಂತದಲ್ಲಿರುತ್ತದೆ. ಆ ಪದರ ಅದುಮಿದಾಗ ಬೆಳಕಿಗೆ ಹೆಚ್ಚು ಅಡ್ಡಿಯಾಗುತ್ತದೆ. ಒಳಗಿನಿಂದ ಬರುವ ಶಾಖ ಅಲ್ಲಿ ಸಿಕ್ಕಿಬಿದ್ದು ಪದರವನ್ನು ಹೊರಕ್ಕೆ ತಳ್ಳುತ್ತದೆ. ಹಿಗ್ಗಿದಾಗ ಅಡ್ಡಿ ಕಡಿಮೆಯಾಗಿ ಶಾಖ ಹೊರಹೋಗುತ್ತದೆ, ಪದರ ಮತ್ತೆ ಕುಸಿಯುತ್ತದೆ. ಹೀಗೆ ಸುಮಾರು ಇಪ್ಪತ್ತು ನಿಮಿಷದಿಂದ ಕೆಲವು ಗಂಟೆಗಳವರೆಗಿನ ಅವಧಿಯಲ್ಲಿ ನಕ್ಷತ್ರ ಮಿಡಿಯುತ್ತದೆ. ಬಹಳಷ್ಟು ನಕ್ಷತ್ರಗಳಲ್ಲಿ ಒಂದೇ ಕಾಲಕ್ಕೆ ಹಲವು ಮಿಡಿತಗಳು ನಡೆಯುತ್ತಿರುತ್ತವೆ.

ಈಗ ನಿಮ್ಮ ಮೊದಲ ಪ್ರಶ್ನೆ. ಉದಾಹರಣೆಗೆ ಒಂದೇ ನಕ್ಷತ್ರವನ್ನು ಹಿಡಿದು ಹೋಗೋಣ. ಕುಂತಿ (ಕ್ಯಾಸಿಯೋಪಿಯಾ) ಪುಂಜದ ಆರ್‌ಝಡ್ ಎಂಬ ಜೋಡಿ ನನಗೆ ತುಂಬಾ ಪ್ರಿಯ. ಅದರ ಕಕ್ಷಾವಧಿ 1.195 ದಿನ, ಅಂದರೆ 1 ದಿನ 4 ಗಂಟೆ 41 ನಿಮಿಷ. ಗ್ರಹಣದಲ್ಲಿ ಕಾಂತಿಮಾನ 6.2ರಿಂದ 7.7ಕ್ಕೆ ಇಳಿಯುತ್ತದೆ. ಬೆಳಕು ಕಾಲುಭಾಗಕ್ಕೆ ಬರುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ವೀಕ್ಷಕರು ಅದರ ಗ್ರಹಣಗಳ ವೇಳೆಯನ್ನು ಗುರುತಿಸುತ್ತಾ ಬಂದಿದ್ದಾರೆ. ಕೆಲವು ಗ್ರಹಣಗಳ ತಳ ಚಪ್ಪಟೆಯಾಗಿ ಕಾಣುತ್ತಿತ್ತು, ಕೆಲವಕ್ಕೆ ಚೂಪು ತಳ. ಚಪ್ಪಟೆ ತಳವೆಂದರೆ ಸಾಮಾನ್ಯವಾಗಿ ಪೂರ್ಣಗ್ರಹಣವೆಂದು ಅರ್ಥ. ಒಂದೇ ಜೋಡಿ ಒಮ್ಮೆ ಪೂರ್ಣ, ಒಮ್ಮೆ ಪಾರ್ಶ್ವ ಗ್ರಹಣ ತೋರಿಸುವುದು ಹೇಗೆ? ಬಹಳ ಕಾಲ ಇದು ಗೊಂದಲವಾಗಿಯೇ ಉಳಿಯಿತು. 1990ರ ದಶಕದ ಕೊನೆಯಲ್ಲಿ ಜಪಾನಿನ ಒಹ್‌ಶಿಮಾ ಮತ್ತು ಸಂಗಡಿಗರು ಉತ್ತರ ಕೊಟ್ಟರು: ಜೋಡಿಯ ಬಿಸಿ ನಕ್ಷತ್ರ ಸುಮಾರು 22 ನಿಮಿಷಕ್ಕೊಮ್ಮೆ ಮಿಡಿಯುತ್ತಿದೆ. ಮಿಡಿತದ ಏರು ಗ್ರಹಣದ ತಳಕ್ಕೆ ಸರಿಯಾಗಿ ಬಂದು ಕೂತರೆ ತಳ ಚಪ್ಪಟೆಯಾಗುತ್ತದೆ. ಸುಮಾರು 90 ವರ್ಷ ಎಲ್ಲರ ಕಣ್ಣೆದುರಿಗೇ ಇದ್ದ ಮಿಡಿತವಿದು. ಅಷ್ಟು ದೊಡ್ಡ ಗ್ರಹಣದ ಮುಂದೆ ನೂರರಲ್ಲಿ ಒಂದೆರಡು ಪಾಲಿನ ಏರಿಳಿತ ಯಾರ ಗಮನಕ್ಕೂ ಬಂದಿರಲಿಲ್ಲ.

ಬೇರ್ಪಡಿಸುವ ವಿಧಾನ ಇದರಲ್ಲೇ ಅಡಗಿದೆ. ಗ್ರಹಣ ಕಕ್ಷೆಗೆ ಕಟ್ಟುಬಿದ್ದದ್ದು. ಪ್ರತಿ ಸುತ್ತಿಗೂ ಅದೇ ಆಕಾರದಲ್ಲಿ, ಅದೇ ಜಾಗದಲ್ಲಿ ಬರಬೇಕು. 22 ನಿಮಿಷದ ಮಿಡಿತಕ್ಕೆ ಕಕ್ಷೆಯ ಹಂಗಿಲ್ಲ. ಒಂದು ಗ್ರಹಣದಲ್ಲಿ ತಳಕ್ಕೆ ಅದರ ಏರು ಬಂದರೆ ಮುಂದಿನದರಲ್ಲಿ ಇಳಿತ ಬರಬಹುದು. ಹಲವು ಸುತ್ತುಗಳ ಅಳತೆಗಳನ್ನು ಕಕ್ಷೆಯ ಅವಧಿಗೆ ಮಡಚಿ ಒಂದರ ಮೇಲೊಂದು ಇಟ್ಟರೆ ಗ್ರಹಣ ಗಟ್ಟಿಯಾಗಿ ಉಳಿಯುತ್ತದೆ, ಮಿಡಿತ ಸರಾಸರಿಯಲ್ಲಿ ಅಳಿಸಿಹೋಗುತ್ತದೆ. ಆ ಗಟ್ಟಿ ರೇಖೆಗೆ ಎರಡು ನಕ್ಷತ್ರಗಳ ಭೌತಿಕ ಮಾದರಿಯನ್ನು ಹೊಂದಿಸಿ ಮೂಲ ಅಳತೆಯಿಂದ ಕಳೆಯುತ್ತಾರೆ. ಕಳೆದ ಮೇಲೆ ಉಳಿಯುವ ಶೇಷದಲ್ಲಿ ಫೂರಿಯೆ ವಿಶ್ಲೇಷಣೆಯಿಂದ (ಬೆರೆತ ಏರಿಳಿತವನ್ನು ಸರಳ ಅಲೆಗಳಾಗಿ ಬಿಡಿಸುವ ಗಣಿತದಿಂದ) ಮಿಡಿತದ ಆವರ್ತಾಂಕಗಳನ್ನು, ಅಂದರೆ ದಿನಕ್ಕೆ ಎಷ್ಟು ಸಲ ಮಿಡಿಯುತ್ತದೆ ಎಂಬುದನ್ನು, ಹುಡುಕುತ್ತಾರೆ. ಸಿಕ್ಕ ಮಿಡಿತವನ್ನು ಮೂಲದಿಂದ ಕಳೆದು ಮತ್ತೆ ಗ್ರಹಣದ ಮಾದರಿಯನ್ನು ತಿದ್ದುತ್ತಾರೆ. ಹೀಗೆ ಎರಡೂ ಕಡೆಯಿಂದ ತಿದ್ದುತ್ತಾ, ಇನ್ನು ಬದಲಾವಣೆಯಿಲ್ಲ ಎನ್ನುವವರೆಗೆ ಹೋಗುತ್ತಾರೆ. ಒಂದು ಎಚ್ಚರಿಕೆ: ಸಿಕ್ಕ ಆವರ್ತಾಂಕ ಕಕ್ಷೆಯ ಆವರ್ತಾಂಕದ ಸರಿಯಾದ ಗುಣಕವಾಗಿದ್ದರೆ ಅನುಮಾನಿಸಬೇಕು. ಅದು ಮಾದರಿ ಸರಿ ಹೊಂದದೆ ಉಳಿದ ಕಸವಾಗಿರಬಹುದು, ಇಲ್ಲವೇ ಜೊತೆಗಾರನ ಸೆಳೆತ ಎಬ್ಬಿಸಿದ ನಿಜವಾದ ಮಿಡಿತವೂ ಆಗಿರಬಹುದು.

ಗ್ರಹಣ ಮತ್ತು ಮಿಡಿತ ಒಂದಕ್ಕೊಂದು ಹೇಗೆ ನೆರವಾಗುತ್ತವೆ ಎಂಬುದನ್ನು ಲೆಕ್ಕ ಮಾಡಿಯೇ ನೋಡಿ. ನಕ್ಷತ್ರದ ಮಿಡಿತದ ಅವಧಿಯನ್ನು ಅದರ ಸರಾಸರಿ ಸಾಂದ್ರತೆಯ ವರ್ಗಮೂಲದಿಂದ ಗುಣಿಸಿದರೆ ಒಂದು ಸ್ಥಿರಾಂಕ ಬರುತ್ತದೆ. ಸಾಂದ್ರತೆಯನ್ನು ಸೂರ್ಯನ ಸಾಂದ್ರತೆಯ ಲೆಕ್ಕದಲ್ಲಿ ಅಳೆದರೆ, ಡೆಲ್ಟಾ ಸ್ಕ್ಯೂಟಿ ನಕ್ಷತ್ರಗಳ ಮೂಲ ಮಿಡಿತಕ್ಕೆ ಆ ಸ್ಥಿರಾಂಕ ಸುಮಾರು 0.033 ದಿನ. ಆರ್‌ಝಡ್‌ನ ಬಿಸಿ ನಕ್ಷತ್ರದ ದ್ರವ್ಯರಾಶಿ ಸೂರ್ಯನ 2 ಪಟ್ಟು, ತ್ರಿಜ್ಯ ಸುಮಾರು 1.6 ಪಟ್ಟು. ಇವು ಗ್ರಹಣದಿಂದ ಸಿಕ್ಕ ಅಳತೆಗಳು. 1.6ರ ಘನ 4.1. ಎರಡನ್ನು 4.1ರಿಂದ ಭಾಗಿಸಿದರೆ ಸಾಂದ್ರತೆ ಸೂರ್ಯನ 0.49 ಪಾಲು, ಅದರ ವರ್ಗಮೂಲ 0.70. ಆಗ ಮೂಲ ಮಿಡಿತದ ಅವಧಿ 0.033 ಭಾಗ 0.70, ಅಂದರೆ 0.047 ದಿನ, ಸುಮಾರು 68 ನಿಮಿಷ ಇರಬೇಕಿತ್ತು. ನಮಗೆ ಕಾಣುತ್ತಿರುವುದು 22 ನಿಮಿಷ. ಹಾಗಾದರೆ ಇದು ಮೂಲ ಮಿಡಿತವಲ್ಲ, ಮೇಲಿನ ಸ್ವರಗಳಲ್ಲೊಂದು. ನಕ್ಷತ್ರದ ಯಾವ ಆಳದವರೆಗಿನ ಅಲೆಯನ್ನು ನಾವು ನೋಡುತ್ತಿದ್ದೇವೆ ಎಂಬ ಸುಳಿವು ಇದರಿಂದ ಸಿಗುತ್ತದೆ. ಒಂಟಿ ನಕ್ಷತ್ರವಾಗಿದ್ದರೆ ಸಾಂದ್ರತೆಯನ್ನೇ ಊಹಿಸಿಕೊಳ್ಳಬೇಕಾಗುತ್ತಿತ್ತು.

ಗ್ರಹಣ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಎಲ್ಲ ಮಿಡಿತಗಳಲ್ಲೂ ಇಡೀ ನಕ್ಷತ್ರ ಒಟ್ಟಿಗೆ ಹಿಗ್ಗಿ ಕುಗ್ಗುವುದಿಲ್ಲ. ಕೆಲವದರಲ್ಲಿ ಒಂದು ಭಾಗ ಉಬ್ಬಿದಾಗ ಇನ್ನೊಂದು ಭಾಗ ತಗ್ಗುತ್ತದೆ. ದೂರದಿಂದ ಚುಕ್ಕೆಯಾಗಿ ಕಾಣುವ ನಕ್ಷತ್ರದಲ್ಲಿ ಉಬ್ಬು ತಗ್ಗುಗಳ ಬೆಳಕು ಒಂದನ್ನೊಂದು ರದ್ದುಮಾಡಿ ಏನೂ ತೋರದೆ ಹೋಗಬಹುದು. ಗ್ರಹಣದಲ್ಲಿ ಜೊತೆಗಾರ ನಕ್ಷತ್ರದ ದುಂಡು ತಟ್ಟೆಯ ಒಂದು ಪಾಲನ್ನು ಮರೆಮಾಡಿದಾಗ ಆ ರದ್ದತಿ ಮುರಿಯುತ್ತದೆ. ಮಿಡಿತದ ಎತ್ತರವೂ ಅದರ ಹಂತವೂ ಗ್ರಹಣ ಮುಂದುವರಿದಂತೆ ಬದಲಾಗುತ್ತವೆ. ಆ ಬದಲಾವಣೆಯ ಮಾದರಿಯಿಂದ ತಟ್ಟೆಯ ಮೇಲೆ ಉಬ್ಬುಗಳು ಹೇಗೆ ಹಂಚಿಕೊಂಡಿವೆ ಎಂದು ತಿಳಿಯುತ್ತದೆ. ಯಾವ ದೂರದರ್ಶಕಕ್ಕೂ ಚುಕ್ಕೆಯಾಗಿಯೇ ಉಳಿಯುವ ನಕ್ಷತ್ರದ ಮೈಯನ್ನು ಹೀಗೆ ಪಾಲು ಪಾಲಾಗಿ ಓದುವುದು ನನ್ನ ಮಟ್ಟಿಗೆ ಈ ವಿಷಯದ ಅತ್ಯಂತ ಸುಂದರವಾದ ಭಾಗ.

ಎರಡನೆಯ ಪ್ರಶ್ನೆ ಕಕ್ಷೆಯದು. ಅವಧಿ ಬದಲಾಗುತ್ತದೆ ಎಂದರೆ ಎಷ್ಟು? ಸಾಮಾನ್ಯವಾಗಿ ಒಂದು ಸುತ್ತಿಗೆ ಸೆಕೆಂಡಿನ ಸಣ್ಣ ಚೂರು. ಅದನ್ನು ನೇರವಾಗಿ ಅಳೆಯುವುದಕ್ಕೆ ಆಗುವುದಿಲ್ಲ. ಆದರೆ ತಪ್ಪು ಕೂಡುತ್ತಾ ಹೋಗುತ್ತದೆ. ದಿನಕ್ಕೆ ಒಂದು ಸೆಕೆಂಡು ಹಿಂದೆ ಬೀಳುವ ಗೋಡೆ ಗಡಿಯಾರ ವಾರವಾದರೂ ಯಾರಿಗೂ ಗೊತ್ತಾಗುವುದಿಲ್ಲ, ವರ್ಷವಾದಾಗ ಆರು ನಿಮಿಷ ಹಿಂದಿರುತ್ತದೆ. ಆರ್‌ಝಡ್ ಜೋಡಿ ವರ್ಷಕ್ಕೆ ಸುಮಾರು 305 ಸುತ್ತು ಹಾಕುತ್ತದೆ. ಅದರ ಅವಧಿ ನಾವು ನಂಬಿದ್ದಕ್ಕಿಂತ ಸೆಕೆಂಡಿನ ಹತ್ತನೇ ಒಂದು ಭಾಗ ಹೆಚ್ಚಿದ್ದರೆ ವರ್ಷದ ಕೊನೆಗೆ ಗ್ರಹಣ 30 ಸೆಕೆಂಡು ತಡವಾಗುತ್ತದೆ, ಹತ್ತು ವರ್ಷಕ್ಕೆ 5 ನಿಮಿಷ.

ಅದಕ್ಕಾಗಿ ಖಗೋಳಜ್ಞರು ಒಂದು ಸರಳ ನಕ್ಷೆ ಬರೆಯುತ್ತಾರೆ. ಗ್ರಹಣದ ನಡುಬಿಂದು ಕಂಡ ವೇಳೆಯಿಂದ ಲೆಕ್ಕದ ಪ್ರಕಾರ ಬರಬೇಕಿದ್ದ ವೇಳೆಯನ್ನು ಕಳೆದು, ಆ ವ್ಯತ್ಯಾಸವನ್ನು ವರ್ಷಗಳ ಮೇಲೆ ಗುರುತಿಸುವುದು. ಇದನ್ನು ಓ-ಸಿ ನಕ್ಷೆ ಎನ್ನುತ್ತಾರೆ (ಓ ಎಂದರೆ ಕಂಡದ್ದು, ಸಿ ಎಂದರೆ ಲೆಕ್ಕದ್ದು). ಚುಕ್ಕೆಗಳು ಅಡ್ಡಗೆರೆಯಲ್ಲಿ ನಿಂತರೆ ಅವಧಿ ಸರಿಯಿದೆ. ಓರೆಗೆರೆಯಲ್ಲಿದ್ದರೆ ಅವಧಿ ಸ್ಥಿರವಾಗಿದೆ, ನಾವು ಹಿಡಿದ ಸಂಖ್ಯೆ ತಪ್ಪು. ಗೆರೆ ಮೇಲ್ಮುಖವಾದ ಪರವಲಯವಾಗಿ ಬಾಗಿದರೆ ಅವಧಿ ಒಂದೇ ಸಮನೆ ಹೆಚ್ಚುತ್ತಿದೆ. ಪರವಲಯದ ಬಲ ಎಂಥದೆಂದರೆ, ಅದೇ ಜೋಡಿಯ ಅವಧಿ ವರ್ಷಕ್ಕೆ ಸೆಕೆಂಡಿನ ನೂರನೇ ಒಂದು ಭಾಗದಂತೆ ಬೆಳೆಯುತ್ತಿದೆ ಎಂದು ಇಟ್ಟುಕೊಳ್ಳಿ. ಹತ್ತು ವರ್ಷಕ್ಕೆ ಗ್ರಹಣ ಎರಡೂವರೆ ನಿಮಿಷ ಸರಿಯುತ್ತದೆ. ಐವತ್ತು ವರ್ಷಕ್ಕೆ ಅದರ 25 ಪಟ್ಟು, ಒಂದು ಗಂಟೆಗೂ ಹೆಚ್ಚು. ಕಾಲ ಐದು ಪಟ್ಟಾದರೆ ಫಲ ಇಪ್ಪತ್ತೈದು ಪಟ್ಟು. ಈ ಒಂದು ವಾಕ್ಯವನ್ನು ನೆನಪಿನಲ್ಲಿಡಿ, ನಿಮ್ಮ ಮೂರನೆಯ ಪ್ರಶ್ನೆಗೆ ಇದೇ ಬೇಕಾಗುತ್ತದೆ.

ಅವಧಿ ಬದಲಾಗುವುದಕ್ಕೆ ಮುಖ್ಯ ಕಾರಣ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ದ್ರವ್ಯ ಹರಿಯುವುದು. ಆಲ್ಗಾಲ್ ಬಹಳ ಕಾಲ ಒಂದು ಒಗಟಾಗಿತ್ತು. ಅಲ್ಲಿ ಸೂರ್ಯನ 3.2 ಪಟ್ಟಿನ ಭಾರದ ನಕ್ಷತ್ರ ಇನ್ನೂ ಯೌವನದಲ್ಲಿದೆ, 0.7 ಪಟ್ಟಿನ ಹಗುರ ನಕ್ಷತ್ರ ಮುಪ್ಪಿನ ಕಡೆ ಸಾಗಿ ಊದಿಕೊಂಡಿದೆ. ಭಾರದ ನಕ್ಷತ್ರವೇ ಬೇಗ ಮುಪ್ಪಾಗಬೇಕು ಎಂಬ ನಿಯಮಕ್ಕೆ ಇದು ತಲೆಕೆಳಗು. 1950ರ ದಶಕದಲ್ಲಿ ಉತ್ತರ ಸಿಕ್ಕಿತು: ಈಗ ಹಗುರವಾಗಿರುವುದೇ ಒಂದು ಕಾಲಕ್ಕೆ ಭಾರವಾಗಿತ್ತು. ಅದು ಮೊದಲು ಊದಿಕೊಂಡು ತನ್ನ ಗುರುತ್ವದ ಗಡಿ ದಾಟಿತು, ಹೊರಚಿಪ್ಪನ್ನು ಜೊತೆಗಾರನಿಗೆ ಸುರಿದುಬಿಟ್ಟಿತು. ಈಗಲೂ ಸ್ವಲ್ಪ ಸ್ವಲ್ಪ ಸುರಿಯುತ್ತಿದೆ.

ಹಗುರ ನಕ್ಷತ್ರದಿಂದ ಭಾರದ್ದಕ್ಕೆ ದ್ರವ್ಯ ಹೋದರೆ ಅವಧಿ ಹೆಚ್ಚುತ್ತದೆ. ಕಾರಣ ಸರಳ. ಜೋಡಿಯ ಕೋನೀಯ ಸಂವೇಗ ಎರಡೂ ದ್ರವ್ಯರಾಶಿಗಳ ಗುಣಲಬ್ಧ ಮತ್ತು ನಡುವಿನ ಅಂತರದ ವರ್ಗಮೂಲ, ಇವೆರಡರ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ಮೊತ್ತ ಅಷ್ಟೇ ಇದ್ದು ಎರಡು ಸಂಖ್ಯೆಗಳ ಅಂತರ ಹೆಚ್ಚಿದರೆ ಅವುಗಳ ಗುಣಲಬ್ಧ ಕಡಿಮೆಯಾಗುತ್ತದೆ: ಐದೈದು ಇಪ್ಪತ್ತೈದು, ಆರು ನಾಲ್ಕು ಇಪ್ಪತ್ನಾಲ್ಕು. ಕೋನೀಯ ಸಂವೇಗ ಉಳಿಯಬೇಕಾದರೆ ಅಂತರ ಹೆಚ್ಚಲೇಬೇಕು, ಅಂತರ ಹೆಚ್ಚಿದರೆ ಕೆಪ್ಲರನ ಮೂರನೇ ನಿಯಮದಂತೆ ಅವಧಿಯೂ ಹೆಚ್ಚುತ್ತದೆ. ಇದಕ್ಕೆ ಕಣ್ಣಿಗೆ ಕಟ್ಟುವ ಸಾಕ್ಷಿ ವೀಣಾ (ಲೈರಾ) ಪುಂಜದ ಬೀಟಾ ನಕ್ಷತ್ರ. ಅದರ ಏರಿಳಿತವನ್ನೂ ಗುಡ್‌ರಿಕ್ ಕಂಡದ್ದು, 1784ರಲ್ಲಿ. ಅಲ್ಲಿ ಸೂರ್ಯನ ಸುಮಾರು 3 ಪಟ್ಟಿನ ನಕ್ಷತ್ರ 13 ಪಟ್ಟಿನ ಜೊತೆಗಾರನಿಗೆ ರಭಸದಿಂದ ದ್ರವ್ಯ ಸುರಿಯುತ್ತಿದೆ. ಅವಧಿ ವರ್ಷಕ್ಕೆ ಸುಮಾರು 19 ಸೆಕೆಂಡು ಹೆಚ್ಚುತ್ತಿದೆ. ಗುಡ್‌ರಿಕ್‌ನ ಕಾಲದಲ್ಲಿ 12.89 ದಿನ ಇದ್ದದ್ದು ಈಗ 12.94 ದಿನ.

ಎಲ್ಲ ಜೋಡಿಗಳೂ ಇಷ್ಟು ವಿಧೇಯವಲ್ಲ. ಆಲ್ಗಾಲ್ ಬಗೆಯ ಎಷ್ಟೋ ಜೋಡಿಗಳಲ್ಲಿ ಅವಧಿ ಒಮ್ಮೆ ಹೆಚ್ಚಿ ಒಮ್ಮೆ ಕಡಿಮೆಯಾಗುತ್ತದೆ. ಇಂಥ ಹಿಂದೆಮುಂದೆ ಆಟ ತಂಪಾದ ಜೊತೆಗಾರ ಇರುವ ಜೋಡಿಗಳಲ್ಲೇ ಕಾಣುತ್ತದೆ ಎಂದು ಡಗ್ಲಾಸ್ ಹಾಲ್ 1989ರಲ್ಲಿ ತೋರಿಸಿದರು. ತಂಪು ನಕ್ಷತ್ರದ ಹೊರಪದರ ಕುದಿಯುತ್ತಿರುತ್ತದೆ, ಅಲ್ಲಿ ಸೂರ್ಯನಂತೆಯೇ ಕಾಂತಕ್ಷೇತ್ರದ ಆವರ್ತಗಳು ನಡೆಯುತ್ತವೆ. ಆ ಆವರ್ತದಲ್ಲಿ ನಕ್ಷತ್ರದ ಆಕಾರ ತುಸು ಬದಲಾದರೆ ಗುರುತ್ವದ ಎಳೆತವೂ ತುಸು ಬದಲಾಗಿ ಕಕ್ಷೆ ಸ್ಪಂದಿಸುತ್ತದೆ ಎಂಬ ವಿವರಣೆಯನ್ನು ಜೇಮ್ಸ್ ಆಪಲ್‌ಗೇಟ್ 1992ರಲ್ಲಿ ಕೊಟ್ಟರು. ಕೆಲವು ಜೋಡಿಗಳಿಗೆ ಅದು ಹೊಂದುತ್ತದೆ, ಕೆಲವಕ್ಕೆ ಬೇಕಾಗುವ ಶಕ್ತಿ ನಕ್ಷತ್ರದ ಬಳಿ ಇಲ್ಲ. ಇನ್ನು ಕೆಲವು ಸಲ ಕಕ್ಷೆ ಬದಲಾಗಿರುವುದೇ ಇಲ್ಲ. ಮೂರನೆಯ ನಕ್ಷತ್ರವೊಂದು ದೂರದಿಂದ ಎಳೆಯುತ್ತಿರುವುದರಿಂದ ಇಡೀ ಜೋಡಿ ನಮ್ಮತ್ತ ಬಂದು ಆಚೆ ಹೋಗುತ್ತಿರುತ್ತದೆ. ಭೂಮಿಗೂ ಸೂರ್ಯನಿಗೂ ಇರುವಷ್ಟು ಅಂತರ ಆಚೆ ಸರಿದರೆ ಗ್ರಹಣದ ಸುದ್ದಿ 8 ನಿಮಿಷ 19 ಸೆಕೆಂಡು ತಡವಾಗಿ ತಲುಪುತ್ತದೆ. ಆಲ್ಗಾಲ್‌ಗೂ 680 ದಿನಗಳ ಸುತ್ತಿನ ಮೂರನೆಯ ಸಂಗಾತಿ ಇದೆ. ಕಾಂತ ಆವರ್ತವೋ ಮೂರನೆಯ ಕಾಯವೋ ಎಂದು ನಿರ್ಧರಿಸಬೇಕಾದರೆ ಓ-ಸಿ ನಕ್ಷೆಯ ಅಲೆ ಅದೇ ಅವಧಿಯಲ್ಲಿ, ಅದೇ ಆಕಾರದಲ್ಲಿ ಮರುಕಳಿಸುತ್ತದೆಯೇ ಎಂದು ನೋಡಬೇಕು. ಮೂರನೆಯ ಕಾಯವಾದರೆ ಮರುಕಳಿಸಲೇಬೇಕು. ಒಂದೇ ಅಲೆ ನೋಡಿ ಮೂರನೆಯ ನಕ್ಷತ್ರವನ್ನು ಘೋಷಿಸುವ ಪ್ರಬಂಧಗಳನ್ನು ನಾನು ನಂಬುವುದಿಲ್ಲ.

ಕಕ್ಷೆ ಅಂಡಾಕಾರದ್ದಾಗಿದ್ದರೆ ಅದರ ಉದ್ದ ಅಕ್ಷವೇ ನಿಧಾನವಾಗಿ ತಿರುಗುತ್ತದೆ. ಅದಕ್ಕೊಂದು ಕಥೆಯಿದೆ. ಹರ್ಕ್ಯುಲಿಸ್ ಪುಂಜದ ಡಿಐ ಎಂಬ ಜೋಡಿಯ ಅವಧಿ 10.55 ದಿನ. ಅದರ ಅಕ್ಷ ನ್ಯೂಟನ್ ಮತ್ತು ಐನ್‌ಸ್ಟೈನರ ಲೆಕ್ಕಗಳನ್ನು ಕೂಡಿಸಿದರೆ ಬರುವುದಕ್ಕಿಂತ ತುಂಬಾ ನಿಧಾನವಾಗಿ ತಿರುಗುತ್ತಿತ್ತು. ಸಾಪೇಕ್ಷತಾ ಸಿದ್ಧಾಂತವೇ ತಪ್ಪಿರಬಹುದೇ ಎಂದು ಕೇಳಿದವರೂ ಇದ್ದರು. 2009ರಲ್ಲಿ ಸೈಮನ್ ಆಲ್‌ಬ್ರೆಕ್ಟ್ ಮತ್ತು ಸಂಗಡಿಗರು ಗ್ರಹಣದ ಸಮಯದ ರೋಹಿತ ನೋಡಿ, ಎರಡೂ ನಕ್ಷತ್ರಗಳು ಬಹುತೇಕ ಮಗ್ಗುಲಾಗಿ ಮಲಗಿ ತಿರುಗುತ್ತಿವೆ ಎಂದು ಕಂಡುಕೊಂಡರು. ಆ ಓರೆಯನ್ನು ಲೆಕ್ಕಕ್ಕೆ ಸೇರಿಸಿದಾಗ ಸಿದ್ಧಾಂತ ಸರಿಹೋಯಿತು.

ಈಗ ಎರಡೂ ಎಳೆಗಳು ಸೇರುವ ಜಾಗಕ್ಕೆ ಬಂದೆವು. ಆಲ್ಗಾಲ್ ಬಗೆಯ ಜೋಡಿಯಲ್ಲಿ ದ್ರವ್ಯ ಪಡೆಯುತ್ತಲೇ ಮಿಡಿಯುವ ನಕ್ಷತ್ರಗಳನ್ನು ಪ್ರತ್ಯೇಕ ವರ್ಗವೆಂದು ಗುರುತಿಸಿದವರು ಡೇವಿಡ್ ಮ್ಕರ್ಟಿಚಿಯನ್ ಮತ್ತು ಸಂಗಡಿಗರು, 2000ದ ದಶಕದ ಆರಂಭದಲ್ಲಿ. ಇವು ಸಾಮಾನ್ಯ ಡೆಲ್ಟಾ ಸ್ಕ್ಯೂಟಿಗಳಂತೆ ಕಂಡರೂ ಇವುಗಳ ಇತಿಹಾಸ ಬೇರೆ. ಇವುಗಳ ಮೈಯ ದೊಡ್ಡ ಪಾಲು ಇನ್ನೊಬ್ಬರಿಂದ ಬಂದದ್ದು. ಹೊಸ ದ್ರವ್ಯ ಬಿದ್ದಾಗ ಹೊರಪದರ ಬದಲಾಗುತ್ತದೆ, ತಿರುಗುವ ವೇಗ ಹೆಚ್ಚುತ್ತದೆ, ಮಿಡಿತ ಅದಕ್ಕೆ ಪ್ರತಿಕ್ರಿಯಿಸುತ್ತದೆ. ಆರ್‌ಝಡ್ ಜೋಡಿಯ 2001ರ ರೋಹಿತಗಳಲ್ಲಿ ದ್ರವ್ಯ ಜೋರಾಗಿ ಹರಿಯುತ್ತಿದ್ದ ಲಕ್ಷಣಗಳಿದ್ದವು. 2006ರಲ್ಲಿ ಅದು ಶಾಂತವಾಗಿತ್ತು. ಮಿಡಿತದ ಮಾದರಿಯೂ ಎರಡು ಕಾಲಕ್ಕೆ ಬೇರೆಯಾಗಿತ್ತು. ಹೀಗೆ ಓ-ಸಿ ನಕ್ಷೆ ಎಷ್ಟು ದ್ರವ್ಯ ಹರಿಯಿತು ಎಂದು ಹೇಳಿದರೆ, ಅದು ಬಿದ್ದ ನಕ್ಷತ್ರಕ್ಕೆ ಏನಾಯಿತು ಎಂದು ಮಿಡಿತ ಹೇಳುತ್ತದೆ. ಎರಡನ್ನೂ ಒಟ್ಟಿಗೆ ಓದಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ತಪ್ಪೂ ಆಗುತ್ತದೆ: ಗ್ರಹಣದ ತಳದ ಬಳಿ ಬೆಳಕಿನ ರೇಖೆ ಹೆಚ್ಚುಕಡಿಮೆ ಸಮತಟ್ಟಾಗಿರುವುದರಿಂದ 22 ನಿಮಿಷದ ಸಣ್ಣ ಮಿಡಿತವೂ ನಡುಬಿಂದುವನ್ನು ಅತ್ತಿತ್ತ ಎಳೆಯಬಲ್ಲದು. ಅಂದರೆ ಕಕ್ಷೆ ಬದಲಾಯಿತೆಂದು ನಾವು ಓದಿದ್ದು ಮಿಡಿತದ ನೆರಳಾಗಿರಬಹುದು.

ಜೊತೆಗಾರನ ಸೆಳೆತ ಮಿಡಿತವನ್ನೇ ಬಗ್ಗಿಸುವ ಜೋಡಿಗಳೂ ಇವೆ. 2020ರಲ್ಲಿ ಪ್ರಕಟವಾದ ಎಚ್‌ಡಿ 74423 ಎಂಬ ನಕ್ಷತ್ರ ತನ್ನ ಒಂದೇ ಮಗ್ಗುಲಿನಲ್ಲಿ ಹೆಚ್ಚಾಗಿ ಮಿಡಿಯುತ್ತದೆ. ನಕ್ಷತ್ರಗಳ ಬೆಳಕನ್ನು ಸತತವಾಗಿ ಅಳೆಯುವ ನಾಸಾದ ಟೆಸ್ ಉಪಗ್ರಹದ ದತ್ತಾಂಶದಲ್ಲಿ ಅದರ ವಿಚಿತ್ರ ವರ್ತನೆಯನ್ನು ಮೊದಲು ಗುರುತಿಸಿದವರಲ್ಲಿ ಹವ್ಯಾಸಿಗಳಿದ್ದರು.

ಹೀಗಿರುವಾಗ ನಿಮಗೆ ಉಳಿದಿರುವ ಕೆಲಸವೇನು? 2018ರಲ್ಲಿ ಹಾರಿದ ಟೆಸ್, ಆಕಾಶದ ಒಂದು ಪಟ್ಟಿಯನ್ನು ಸುಮಾರು 27 ದಿನ ಎಡೆಬಿಡದೆ ನೋಡಿ ಮುಂದಿನ ಪಟ್ಟಿಗೆ ಹೋಗುತ್ತದೆ. ನಿಖರತೆಯಲ್ಲಿ ಅದರ ಜೊತೆ ಸ್ಪರ್ಧಿಸುವ ಮಾತೇ ಇಲ್ಲ, ಮಿಡಿತ ಹುಡುಕುವುದಕ್ಕೆ ಅದೇ ಸೈ. ಆದರೆ ಕಕ್ಷೆಯ ಬದಲಾವಣೆಗೆ ಬೇಕಾದದ್ದು ವರ್ಷಗಳ ಉದ್ದ. ಕಾಲ ಐದು ಪಟ್ಟಾದರೆ ಫಲ ಇಪ್ಪತ್ತೈದು ಪಟ್ಟು ಎಂದೆನಲ್ಲ, ಆ ಉದ್ದವನ್ನು ಒಂದು ಉಪಗ್ರಹ ಕೊಡಲಾರದು. ಅದನ್ನು ಕೊಟ್ಟವರು ನೂರು ವರ್ಷಗಳಿಂದ ಅಲ್ಲಲ್ಲಿ ಕುಳಿತು ಒಂದೊಂದೇ ಗ್ರಹಣದ ವೇಳೆ ಬರೆದಿಟ್ಟ ವೀಕ್ಷಕರು. ಪ್ರಾಮಾಣಿಕವಾಗಿ ಬರೆದ ಒಂದು ವೇಳೆ ಹಳತಾಗುವುದಿಲ್ಲ, ವರ್ಷ ಕಳೆದಂತೆ ಅದರ ಬೆಲೆ ಹೆಚ್ಚುತ್ತದೆ. ವೃಶ್ಚಿಕ ರಾಶಿಯ ವಿ1309 ಎಂಬ ಜೋಡಿ 2008ರಲ್ಲಿ ಒಂದಾಗಿ ಸಿಡಿದು ಹೊಳೆಯಿತು. ಅದಕ್ಕೂ ಮೊದಲಿನ ವರ್ಷಗಳಲ್ಲಿ ಪೋಲೆಂಡಿನ ಓಗಲ್ ತಂಡ ಆ ಕಡೆಯ ಆಕಾಶವನ್ನು ಚಿತ್ರಿಸುತ್ತಲೇ ಇದ್ದುದರಿಂದ, ಸುಮಾರು 1.4 ದಿನದ ಅವಧಿ ಕುಸಿಯುತ್ತಾ ಬಂದದ್ದು ಆಮೇಲೆ ಕಡತದಲ್ಲಿ ಸಿಕ್ಕಿತು. ಇದರ ಮತ್ತೊಂದು ಮುಖವನ್ನೂ ಹೇಳಬೇಕು. ಕೆಐಸಿ 9832227 ಎಂಬ ಜೋಡಿ 2022ರ ಹೊತ್ತಿಗೆ ಒಂದಾಗುತ್ತದೆ ಎಂದು 2017ರಲ್ಲಿ ದೊಡ್ಡ ಸುದ್ದಿಯಾಯಿತು. ಮರುವರ್ಷ ಇನ್ನೊಂದು ತಂಡ ಪರಿಶೀಲಿಸಿದಾಗ, ಹಳೆಯ ಅಳತೆಯೊಂದರ ವೇಳೆಯನ್ನೇ ತಪ್ಪಾಗಿ ಹಿಡಿಯಲಾಗಿತ್ತು ಎಂದು ತಿಳಿಯಿತು. ಭವಿಷ್ಯವಾಣಿ ಬಿದ್ದುಹೋಯಿತು.

ಆದ್ದರಿಂದ ನಿಮ್ಮ ಮೊದಲ ಉಪಕರಣ ಗಡಿಯಾರ. ಮೊಬೈಲಿನ ಸಮಯ ಸಾಕಷ್ಟು ಸರಿಯಿರುತ್ತದೆ, ಕ್ಯಾಮೆರಾದ ಗಡಿಯಾರ ಜಾರುತ್ತದೆ. ಚಿತ್ರೀಕರಣದ ಮೊದಲೂ ಕೊನೆಗೂ ಸೆಕೆಂಡು ತೋರಿಸುವ ಮೊಬೈಲಿನ ಪರದೆಯ ಚಿತ್ರ ತೆಗೆದುಕೊಳ್ಳಿ, ಜಾರಿದ್ದು ಎಷ್ಟೆಂದು ಆಮೇಲೆ ತಿದ್ದಬಹುದು. ಭಾರತೀಯ ಸಮಯದಿಂದ 5 ಗಂಟೆ 30 ನಿಮಿಷ ಕಳೆದು ಅಂತರರಾಷ್ಟ್ರೀಯ ಸಮಯಕ್ಕೆ, ಅಲ್ಲಿಂದ ಜೂಲಿಯನ್ ದಿನಾಂಕಕ್ಕೆ (ತಿಂಗಳು ವರ್ಷಗಳಿಲ್ಲದೆ ದಿನಗಳನ್ನು ಒಂದೇ ಸಮನೆ ಎಣಿಸುವ ಖಗೋಳಜ್ಞರ ಲೆಕ್ಕಕ್ಕೆ) ಬದಲಿಸಿ. ಜೂಲಿಯನ್ ದಿನ ಬದಲಾಗುವುದು ನಮ್ಮ ಸಂಜೆ 5.30ಕ್ಕೆ, ಆದ್ದರಿಂದ ನಮ್ಮ ಇಡೀ ರಾತ್ರಿ ಒಂದೇ ಸಂಖ್ಯೆಯಲ್ಲಿ ಬರುತ್ತದೆ, ಗೊಂದಲವಿಲ್ಲ. ಕೊನೆಗೆ ಸೂರ್ಯಕೇಂದ್ರದ ತಿದ್ದುಪಡಿ, ಅಂದರೆ ಸೂರ್ಯನ ಜಾಗದಿಂದ ನೋಡಿದ್ದರೆ ಬರುತ್ತಿದ್ದ ವೇಳೆಗೆ ಬದಲಿಸುವುದು. ಭೂಮಿ ಸುತ್ತುವುದರಿಂದ ಆರ್‌ಝಡ್‌ನ ಬೆಳಕು ವರ್ಷದ ಒಂದು ಕಾಲಕ್ಕೆ ಐದು ನಿಮಿಷ ಬೇಗ, ಇನ್ನೊಂದು ಕಾಲಕ್ಕೆ ಐದು ನಿಮಿಷ ತಡ. ಇದನ್ನು ಮರೆತರೆ ಓ-ಸಿ ನಕ್ಷೆಯಲ್ಲಿ ಒಂದು ವರ್ಷದ ಅವಧಿಯ ಸುಳ್ಳು ಸಂಗಾತಿ ಹುಟ್ಟಿಕೊಳ್ಳುತ್ತಾನೆ.

ಜಾಗದ ವಿಷಯದಲ್ಲಿ ನೀವು ಅದೃಷ್ಟವಂತರು. ಕುಂತಿಯೂ ಪಾರ್ಥನೂ ಉತ್ತರದ ಆಕಾಶದವರು. ಆರ್‌ಝಡ್ ನಮ್ಮ ಕಡೆ ಅತಿ ಎತ್ತರದಲ್ಲಿದ್ದಾಗಲೂ ಉತ್ತರ ದಿಗಂತದಿಂದ ಸುಮಾರು 37 ಡಿಗ್ರಿ ಮಾತ್ರ. ವಿಜಯಪುರದ ದಕ್ಷಿಣಕ್ಕೆ ಹೋಗಿ ನಿಂತರೆ ಊರಿನ ದೀಪದ ಮಂಕು ನೇರವಾಗಿ ಅದರ ಕೆಳಗೇ ಬರುತ್ತದೆ. ಇಂಡಿಯಲ್ಲಿ ಆ ಬೆಳಕು ನಿಮ್ಮ ಬೆನ್ನಿಗಿರುತ್ತದೆ. ಸೊಲ್ಲಾಪುರದ ಬೆಳಕು ಎದುರಿಗಿದ್ದರೂ ಐವತ್ತು ಕಿಲೋಮೀಟರಿಗೂ ಆಚೆ, ದಿಗಂತಕ್ಕೆ ಅಂಟಿಕೊಂಡಿರುತ್ತದೆ. ನವೆಂಬರಿನಿಂದ ಜನವರಿಯವರೆಗೆ, ಹಿಂಗಾರಿ ಜೋಳ ಹೊಲದಲ್ಲಿರುವ ಕಾಲಕ್ಕೆ, ಒಣಗಾಳಿಯ ಶುಭ್ರ ರಾತ್ರಿಗಳು ಸಾಲಾಗಿ ಸಿಗುತ್ತವೆ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ದಿನಗಳಲ್ಲಿ ಮಾತ್ರ ನಗರದ ಹತ್ತಿರ ವೀಕ್ಷಣೆ ಇಟ್ಟುಕೊಳ್ಳಬೇಡಿ, ಜಾತ್ರೆ ನೋಡಿ ಬನ್ನಿ.

ಮೊದಲು ಆಲ್ಗಾಲ್‌ನ ಒಂದು ಗ್ರಹಣವನ್ನು ಬರಿಗಣ್ಣಿನಲ್ಲಿ, ಸುತ್ತಲಿನ ನಕ್ಷತ್ರಗಳಿಗೆ ಹೋಲಿಸುತ್ತಾ ಬರೆದುಕೊಳ್ಳಿ. ಆಮೇಲೆ ಆರ್‌ಝಡ್‌ಗೆ ಬನ್ನಿ. ಕಾಲೇಜಿನಲ್ಲೋ ಪರಿಚಯದವರಲ್ಲೋ ಒಂದು ಡಿಎಸ್‌ಎಲ್‌ಆರ್ ಕ್ಯಾಮೆರಾ, 50 ಮಿ.ಮೀ. ಲೆನ್ಸ್, ಗಟ್ಟಿ ಸ್ಟ್ಯಾಂಡ್ ಸಿಕ್ಕರೆ ಸಾಕು. ಧ್ರುವದ ಹತ್ತಿರದ ನಕ್ಷತ್ರವಾದ್ದರಿಂದ ಅದು ಚಿತ್ರದಲ್ಲಿ ನಿಧಾನವಾಗಿ ಸರಿಯುತ್ತದೆ, ಐದರಿಂದ ಹತ್ತು ಸೆಕೆಂಡಿನ ಎಕ್ಸ್‌ಪೋಷರ್ ಕೊಡಬಹುದು. ಫೋಕಸ್ ತುಸು ಸಡಿಲಿಸಿ, ರಾ ಕಡತದಲ್ಲಿ (ಕ್ಯಾಮೆರಾ ತಿದ್ದದ ಮೂಲ ರೂಪದಲ್ಲಿ) ಉಳಿಸಿ, ಹಸಿರು ಬಣ್ಣದ ಅಂಕಿಗಳನ್ನು ಮಾತ್ರ ಬಳಸಿ. ಅದೇ ಚೌಕಟ್ಟಿನ ಸ್ಥಿರ ನಕ್ಷತ್ರಗಳ ಜೊತೆ ಹೋಲಿಸಿ ಅಳೆಯಿರಿ. ಗ್ರಹಣ ಸುಮಾರು ಐದು ಗಂಟೆ ನಡೆಯುತ್ತದೆ. ನಡುಬಿಂದುವಿನ ಎರಡೂ ಕಡೆ ಕನಿಷ್ಠ ಒಂದೂವರೆ ಗಂಟೆ ಬೇಕೇ ಬೇಕು. ಇಷ್ಟರಲ್ಲಿ ನಡುಬಿಂದುವನ್ನು ಒಂದೆರಡು ನಿಮಿಷದ ಒಳಗೆ ಹಿಡಿಯಬಹುದು. 22 ನಿಮಿಷದ ಮಿಡಿತ ಈ ಕ್ಯಾಮೆರಾಕ್ಕೆ ಸಿಗುವುದು ಕಷ್ಟ, ಅದಕ್ಕೆ ಆರು ಇಂಚಿನ ದೂರದರ್ಶಕ, ತಂಪುಗೊಳಿಸಿದ ಕ್ಯಾಮೆರಾ ಬೇಕು. ಆದರೆ ಟೆಸ್ ದತ್ತಾಂಶ ಎಲ್ಲರಿಗೂ ಉಚಿತ. ಪೈಥಾನ್ ಬಲ್ಲವರಾದರೆ ಲೈಟ್‌ಕರ್ವ್ ಎಂಬ ತಂತ್ರಾಂಶದಿಂದ ಅದನ್ನು ಇಳಿಸಿಕೊಂಡು, ಗ್ರಹಣ ಕಳೆದು, ಮಿಡಿತವನ್ನು ನೀವೇ ಹುಡುಕಬಹುದು. ನಿಮ್ಮ ಕೊನೆಯ ವರ್ಷದ ಯೋಜನೆಗೆ ಇದಕ್ಕಿಂತ ಒಳ್ಳೆಯ ವಿಷಯವನ್ನು ನಾನು ಸೂಚಿಸಲಾರೆ: ನಡುಬಿಂದು ನಿಮ್ಮ ಮಾಳಿಗೆಯಿಂದ, ಮಿಡಿತ ಉಪಗ್ರಹದಿಂದ, ಮಿಡಿತ ಆ ನಡುಬಿಂದುವನ್ನು ಎಷ್ಟು ಎಳೆಯಬಹುದೆಂಬ ಲೆಕ್ಕ ನಿಮ್ಮದು.

ಸಿಕ್ಕ ವೇಳೆಯನ್ನು ದೋಷದ ಅಂದಾಜಿನೊಂದಿಗೆ, 1911ರಿಂದ ಇಂಥ ಅಳತೆಗಳನ್ನು ಕೂಡಿಡುತ್ತಿರುವ ಅಮೆರಿಕದ ಎಎವಿಎಸ್‌ಒ ಸಂಘಕ್ಕೆ ಕಳುಹಿಸಿ, ಯಾರು ಬೇಕಾದರೂ ಕಳುಹಿಸಬಹುದು. ಮೋಡ ಬಂದು ಗ್ರಹಣ ಅರ್ಧಕ್ಕೇ ನಿಂತರೆ ಉಳಿದರ್ಧವನ್ನು ಊಹಿಸಿ ಗೆರೆ ಎಳೆಯಬೇಡಿ. ಐದು ಸುತ್ತಿಗೆ 5.976 ದಿನ, ಆದ್ದರಿಂದ ಆರು ದಿನ ಕಳೆದ ಮೇಲೆ ಅದೇ ಗ್ರಹಣ ಸುಮಾರು 34 ನಿಮಿಷ ಮೊದಲು ನಿಮ್ಮ ಮಾಳಿಗೆಯ ಮೇಲೆ ಮತ್ತೆ ಬರುತ್ತದೆ.